ಪಾದ್ರಿಯವರ ಪೆಟ್ಟಿಗೆ

ಒಂದೂರಿನಲ್ಲಿ ನಿಲ್ಲದ ಕಾಲು, ಒಂದು ಧಾಟಿಯಲ್ಲಿ ನಿಲ್ಲದ ಗಂಟಲು ಇದ್ದವನನ್ನು ಪೇಚುಗಳು ಮನೆ ಹುಡುಕಿಕೊಂಡು ಬರುತ್ತವೆ. ನನಗೆ ಮನೆಯಿಲ್ಲದ್ದರಿಂದ ದಾರಿಯಲ್ಲೇ ಸಿಗುತ್ತಿದ್ದವು.

ನಿಜಾಮರ ಕಾಲ. ಮೂರನೇ ಜಮಾತಿಗೆ ಶಾಲೆ ಬಿಟ್ಟು ಹಾಡಿಕೊಂಡು ತಿರುಗುತ್ತಿದ್ದೆ. ಯಾವ ಮೇಳಕ್ಕೂ ಮಠಕ್ಕೂ ಸೇರಿದವನಲ್ಲ. ಹಾರ್ಮೋನಿಯಂ ಕೂಡ ಪಾದ್ರಿಯೊಬ್ಬರು ಎರವಲು ಕೊಟ್ಟದ್ದು. "ಇದರ ಮ್ಯಾಲ ಯೇಸುಸ್ವಾಮಿ ಹಾಡು ಬಿಟ್ಟು ಬ್ಯಾರೆ ನುಡಿಸಿದಿ ಅಂದ್ರ ಆವತ್ತೇ ಕಸ್ಕೋತೀನಿ" ಎಂದಿದ್ದರು. ಪೆಟ್ಟಿಗೆ ಹೋದರೆ ನನ್ನ ಅನ್ನ ಹೋದಂತೆ.

ನಾರಾಯಣಪೇಟೆ

ಮಗ್ಗದ ಮನೆಯಲ್ಲಿ ಹಾಡಿದರೆ ನೇಕಾರರ ಕೈಕಾಲು ಹಾಡಿನ ತಾಳಕ್ಕೇ ಆಡುತ್ತವೆ. ನಾನು ಶಿಲುಬೆಯ ಹಾಡನ್ನು ಎಳೆದೆಳೆದು ಹಾಡಿದೆ. ಮೊದಲ ನುಡಿಗೆ ಮಗ್ಗಗಳು ನಿಧಾನವಾದವು. ಮೂರನೆಯದಕ್ಕೆ ಲಾಳಿ ನಿಂತು ಎಲ್ಲರೂ ಕಣ್ಣೊರೆಸುತ್ತಿದ್ದರು. ಯಜಮಾನರು ಬಂದು ಭಕ್ತಿಯಿಂದ ಕೇಳಿ ಕೈಮುಗಿದರು.

"ನಿಮ್ಮ ಸ್ವಾಮಿ ಮೂರನೇ ದಿನಕ್ಕ ಎದ್ದು ಬರ್ತಾರಂತಲ್ರಿ, ಇವತ್ತೇ ಎಬ್ಬಿಸ್ರಿ. ಸೀರಿ ನಾಳೆ ಸಂತಿಗೆ ಹೋಗಬೇಕು."

ಅಂದೇ ಆ ಹಾಡಿಗೆ ಮೊಹರಮ್ಮಿನ ಅಲಾಯಿ ಕುಣಿತದ ಹಲಗೆಯ ತಾಳ ಸೇರಿಸಿದೆ.

ಮಖ್ತಲ್

ಅಲ್ಲಿ ಶೈವ ವ್ಯಾಪಾರಿಗಳ ಮನೆ. ಶಿವನ ಪದ ಬೇಕೆಂದರು. ಅದೇ ಧಾಟಿ, ಅದೇ ತಾಳ, ಮಾತು ಮಾತ್ರ ಶಿವನದು. ಎಲ್ಲರೂ ತಲೆದೂಗಿದರು.

ಆ ಮನೆಯ ಅಜ್ಜಿ ಸೋಮವಾರ ಬಂತೆಂದರೆ ತಕ್ಕಡಿ, ಎತ್ತು, ಬಾವಿಯ ಗಡಗಡಿ, ಯಾವುದಕ್ಕೂ ವಿಭೂತಿ ಹಚ್ಚದೆ ಬಿಡುವವಳಲ್ಲ. ನಾನು ಉಂಡು ಬರುವಷ್ಟರಲ್ಲಿ ಪೆಟ್ಟಿಗೆಯ ಮುಂದೆ ಕುಕ್ಕರಿಸಿದ್ದಳು. ಏನು ಮಾಡಿದೆ ತಾಯಿ ಎಂದೆ.

"ಉಸಿರಾಡತೈತಿ, ಅಂದ್ರ ಜೀವ ಐತಿ. ಹಣಿ ಎಲ್ಲೈತೋ ತಿಳೀಲಿಲ್ಲ, ಮೂಗಿನಾಗ ಹಾಕೀನಿ."

ಬೋರಲು ಹಾಕಿ ಜಾಡಿಸಿದೆ. ಚೂರೇ ಉದುರಿತು. ಅಂದಿನಿಂದ ತಿದಿಯನ್ನು ಕೂಸಿನ ಬೆನ್ನು ತಟ್ಟಿದಂತೆ ಮೆಲ್ಲಗೆ ಒತ್ತುತ್ತಿದ್ದೆ.

ಗದ್ವಾಲ

ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಬಂದು, ಮುದುಕ ನೇಕಾರನೊಬ್ಬನ ಅಂಗಳದಲ್ಲಿ ಅದೇ ಬೆರಕೆ ಹಾಡು ಹಾಡುತ್ತಿದ್ದೆ. ತಲೆಯೆತ್ತಿದರೆ ಎದುರಿಗೆ ಛತ್ರಿ, ಛತ್ರಿಯ ಕೆಳಗೆ ಪಾದ್ರಿ. ನನ್ನ ಬೆರಳು ಸತ್ತವು.

ಧಾಟಿ ನಮ್ಮದು, ತಾಳ ಅಲಾಯಿಯದು, ಮಾತು ಶಿವನದು, ಇದು ಯಾರ ಹಾಡೆಂದು ಕೇಳಿದರು. ಮುದುಕನೇ ಮಗ್ಗದ ಸೀರೆ ತೋರಿಸಿದ. "ಮೈ ನೂಲು, ಅಂಚು ರೇಷ್ಮಿ, ನಡುವ ಕೂಡಸ್ತೀವ್ರಿ. ಕೂಡಿಸಿದ್ದು ಬಿಚ್ಚಿದ್ರ ಬೈರಿ."

ಪಾದ್ರಿ ಕರಗಲಿಲ್ಲ. ಪೆಟ್ಟಿಗೆ ಎಳೆದುಕೊಂಡರು. ಒಯ್ಯುವ ಮುಂಚೆ, ಹಾಡುವುದು ಹೇಗೆಂದು ನನಗೆ ಕಲಿಸಲು ಕುಳಿತರು. ಕಣ್ಣು ಮುಚ್ಚಿದರು. ಗಟ್ಟಿ ರಟ್ಟೆ, ತಿದಿಯನ್ನು ಜೋರಾಗಿ ಒತ್ತಿದರು.

ಮಖ್ತಲಿನ ಅಜ್ಜಿಯ ವಿಭೂತಿಯೆಲ್ಲ ಒಮ್ಮೆಗೇ ಮೇಲೆದ್ದು ಅವರ ಹಣೆ, ಹುಬ್ಬು, ಗಡ್ಡದ ಮೇಲೆ ಕುಳಿತಿತು. ಅಂಗಳವೆಲ್ಲ ಮಠದ ಸ್ವಾಮಿಗೆಂಬಂತೆ ಕೈಮುಗಿದು, "ಶರಣ್ರಿ ಅಪ್ಪಾರ" ಎಂದಿತು. ಪಾದ್ರಿ ತಮ್ಮ ಹಾಡಿನ ಮಹಿಮೆಯೆಂದು ಹಿಗ್ಗಿ ಇನ್ನೊಂದು ನುಡಿ ಹಾಡಿದರು. ಆಮೇಲೆ ಬೆವರೊರೆಸಿಕೊಂಡು ಅಂಗೈ ನೋಡಿಕೊಂಡರು. ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನ ಎಷ್ಟೈತಿ ಒಳಗ?"

"ಮುಷ್ಟಿ ತುಂಬ ಹಾಕ್ಯಾರ್ರಿ."

ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ಇದನ್ನ ನಮ್ಮ ಯೇಸುಸ್ವಾಮಿ ಗುಡಿಗೆ ಒಯ್ದು ಒತ್ತಿದ್ರ ನನ್ನ ಸಭಾ ಪೂರಾ ಮಠಕ್ಕ ಹೋಗ್ತೈತಿ. ನೀನೇ ಇಟ್ಕೋ."

ಆಗ ನಾನು ಬಿಟ್ಟ ಉಸಿರು ತಿದಿಗಿಂತ ದೊಡ್ಡದು. ಪಾದ್ರಿ ಎದ್ದು, ಮುಖ ತೊಳೆಯಲು ನೀರು ಕೇಳಿದರು. ಮುದುಕ ಓಡಿಹೋಗಿ ತಂಬಿಗೆ ತಂದ, ಕೂತು ಅವರ ಪಾದ ತೊಳೆದ.