ಗುಂಡ್ಯಾನ ಸಕ್ಕರೆ ಏರಿದ್ದು ಯಾಕೆ

ಸುಳ್ಳು ಹೇಳುವುದೇ ಬೇರೆ, ಸುಮ್ಮನಿರುವುದೇ ಬೇರೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದವನು ನಾನು. ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಈ ನಂಬಿಕೆಯಿಂದ ನನಗೆ ಎರಡು ಬಡ್ತಿ ಸಿಕ್ಕಿವೆ. ಮೆಹದಿಪಟ್ಟಣದ ನಮ್ಮ ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ಕಾರಣ ನಮ್ಮ ನಾಯಿ, ಗುಂಡ್ಯಾ.

ಗುಂಡ್ಯಾನಿಗೆ ಸಕ್ಕರೆ ಕಾಯಿಲೆ. ನನಗೂ ಇದೆ. ಆದರೆ ನನ್ನದು ಬರೀ ಗುಳಿಗೆಯ ದರ್ಜೆ, ಅವನದು ಎರಡು ಹೊತ್ತು ಇನ್ಸುಲಿನ್ ದರ್ಜೆ. ಹೀಗಾಗಿ ಮನೆಯಲ್ಲಿ ಹಿರಿತನ ಅವನದೇ. ಸೂಜಿ ಹಾಕುವವಳು ನನ್ನ ಹೆಂಡತಿ ಸುಮಿತ್ರಾ. ಉಂಡಾದ ಮೇಲೆ ಗುಂಡ್ಯಾ ತಾನಾಗಿಯೇ ಬೆನ್ನು ಒಡ್ಡಿ ನಿಲ್ಲುತ್ತಾನೆ. ಒಂದು ಗುಳಿಗೆ ನುಂಗಲು ನಾನು ಮಾಡುವ ರಗಳೆ ನೋಡಿ ಅವಳು, ನಾಯಿಗಿರೋ ಬುದ್ಧಿ ಎಂದು ಶುರುಮಾಡಿ ಅರ್ಧಕ್ಕೇ ಬಿಡುತ್ತಾಳೆ. ಧಾರವಾಡದವಳು, ಮರ್ಯಾದೆ ಜಾಸ್ತಿ.

ಬೆಳಿಗ್ಗೆ ಅವನನ್ನು ತಿರುಗಾಡಿಸುವ ಕೆಲಸ ನನ್ನದು. ತಿರುಗಾಟ ಇರಾನಿ ಹೋಟೆಲಿನ ತನಕ. ಕಂಪನಿ ಕ್ಯಾಬಿಗೆ ಕಾಯುವ ಸಾಫ್ಟ್‌ವೇರ್ ಹುಡುಗರ ನಡುವೆ ನಿಂತು ಒಂದು ಚಹಾ, ನಾಲ್ಕು ಉಸ್ಮಾನಿಯಾ ಬಿಸ್ಕತ್ತು. ಎರಡು ನನಗೆ, ಎರಡು ಅವನಿಗೆ. ಪಾಪ ಅನ್ನಿಸಿ ಕೊಡುತ್ತಿದ್ದೆ ಎಂದರೆ ದೇವರು ಮೆಚ್ಚಲಿಕ್ಕಿಲ್ಲ. ಕೊಡದಿದ್ದರೆ ಬೀದಿಯೆಲ್ಲ ಕೇಳುವ ಹಾಗೆ ಬೊಗಳುತ್ತಿದ್ದ, ಅದಕ್ಕೆ ಕೊಡುತ್ತಿದ್ದೆ.

ಗುಂಡ್ಯಾನ ಸಕ್ಕರೆ ಇಳಿಯಲೇ ಇಲ್ಲ. ಸಾಫ್ಟ್‌ವೇರ್ ಮಂದಿ ಬಂದ ಮೇಲೆ ನಮ್ಮ ಬೀದಿಗೆ ಬಾಡಿಗೆ ಏರಿಕೆಯ ಜೊತೆಗೇ ಒಬ್ಬ ನಾಯಿ ಡಾಕ್ಟರೂ ಬಂದಿದ್ದರು. ಅವರಲ್ಲಿಗೆ ಕರೆದೊಯ್ದಾಗ, ಹೀಗೇ ಬಿಟ್ಟರೆ ಇವನ ಕಣ್ಣು ಹೋಗುತ್ತದೆ ಎಂದರು. ಹೊರಗಿನದೇನಾದರೂ ತಿನ್ನಿಸುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು. ಸುಮಿತ್ರಾ ಇಲ್ಲವೆಂದು ಆಣೆ ಮಾಡುವುದೊಂದು ಬಾಕಿ. ನಾನು ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡುತ್ತಿದ್ದೆ. ಡಾಕ್ಟರು ಇನ್ಸುಲಿನ್ ಏರಿಸಿದರು.

ಕಣ್ಣು ಹೋಗುವ ಮಾತಿಗೆ ನಾನು ಹೆದರಿದ್ದೆ. ಮರುದಿನದಿಂದ ಬಿಸ್ಕತ್ತು ಬಂದ್. ನನಗಲ್ಲ, ಅವನಿಗೆ. ಅವನು ಎಷ್ಟು ಬೊಗಳಿದರೂ ಜಗ್ಗಲಿಲ್ಲ. ಏರಿಸಿದ ಸೂಜಿಯ ಲೆಕ್ಕದಲ್ಲಿ ಆ ಬಿಸ್ಕತ್ತುಗಳ ಸಕ್ಕರೆಯೂ ಸೇರಿತ್ತು, ಬಿಸ್ಕತ್ತು ನಿಂತರೆ ಸೂಜಿ ಹೆಚ್ಚಾಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಸಂಜೆ ಗುಂಡ್ಯಾ ಅಡುಗೆಮನೆಯ ಬಾಗಿಲಲ್ಲಿ ತೂರಾಡಿ ಬಿದ್ದ. ಕಾಲು ಅದುರುತ್ತಿದ್ದವು. ಫೋನು ಮಾಡಿದರೆ ಡಾಕ್ಟರು, ಸಕ್ಕರೆ ತೀರಾ ಇಳಿದಿರಬೇಕು, ಮೊದಲು ಒಸಡಿಗೆ ಏನಾದರೂ ಸಿಹಿ ಸವರಿ, ಆಮೇಲೆ ಓಡಿಬನ್ನಿ ಎಂದರು. ನಮ್ಮಿಬ್ಬರ ಸಲುವಾಗಿ ಸುಮಿತ್ರಾ ಸಕ್ಕರೆ ಬೆಲ್ಲ ಎರಡನ್ನೂ ಮನೆಯಿಂದ ಗಡೀಪಾರು ಮಾಡಿ ವರ್ಷವಾಗಿತ್ತು. ಅವಳು ಅಳುತ್ತ ಒಂದೊಂದೇ ಡಬ್ಬಿ ತೆಗೆದು ಮೂಸಿ ನೋಡುತ್ತಿದ್ದಳು. ನಾನು ಒಂದು ಕ್ಷಣ ಹಾಗೇ ನಿಂತೆ. ಆ ಒಂದು ಕ್ಷಣ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಹೋಗಿ, ಎಲ್ಲರೂ ಕಲಿಯುತ್ತಾರೆಂದು ನಾನೂ ಕೊಂಡು ಬಿಡಿಸದೇ ಇಟ್ಟ ಕಂಪ್ಯೂಟರ್ ಪುಸ್ತಕಗಳ ಹಿಂದಿನಿಂದ ಜೇನಿನ ಬಾಟಲಿ ತಂದೆ. ಅರ್ಧ ಖಾಲಿಯಾಗಿತ್ತು. ಚಮಚವೂ ಅದರಲ್ಲೇ ಇತ್ತು.

"ಯಾವಾಗಿಂದ ಐತ್ರಿ ಇದು?" ಎಂದಳು ಸುಮಿತ್ರಾ. ಉತ್ತರಕ್ಕೆ ಕಾಯದೆ ಗುಂಡ್ಯಾನ ಒಸಡಿಗೆ ಸವರತೊಡಗಿದಳು.

ಸ್ವಲ್ಪ ಹೊತ್ತಿಗೆ ಅವನು ತಲೆಯೆತ್ತಿ ಅವಳ ಬೆರಳು ನೆಕ್ಕಿದ. ಆಸ್ಪತ್ರೆಯಲ್ಲಿ ನಾನು ಬಿಸ್ಕತ್ತಿನ ವಿಷಯವನ್ನೆಲ್ಲ ಒಪ್ಪಿಕೊಂಡೆ. ಡಾಕ್ಟರು ಗುಂಡ್ಯಾನ ಕಿವಿಯಂಚು ಚುಚ್ಚಿ ಸಕ್ಕರೆ ಅಳೆಯುವ ಮಷೀನಿನಲ್ಲಿ ರಕ್ತ ನೋಡಿ, ಪರವಾಗಿಲ್ಲ ಎಂದರು. ಸುಮಿತ್ರಾ ಬೈಯಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಬೆರಳು ಕೊಡ್ರಿ" ಎಂದಳು.

ನನ್ನ ರಕ್ತಕ್ಕೆ ಮಷೀನು ತೋರಿಸಿದ್ದನ್ನು ನೋಡಿದ ಡಾಕ್ಟರು ನಾಯಿಯನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಸುಮಿತ್ರಾಳಿಗೆ ಒಂದು ಚೀಟಿ ಬರೆದುಕೊಟ್ಟರು.