ಲಾಭದ ಚುಕ್ಕಿ

ದೇವರಿಗೆ ದೀಪ ಹಚ್ಚಿ, ಗಾಣದ ಎತ್ತು ಸಿದ್ಧನ ಬೆನ್ನು ಸವರಿ, ಆಮೇಲೆ ಫೋನಿನಲ್ಲಿ ‘ಎತ್ತಿನ ಗಾಣದ ಶೇಂಗಾ ಎಣ್ಣೆ’ ಎಂದು ಹುಡುಕುವುದು ಜಗಳೂರಿನ ಓಬಳೇಶನ ನಿತ್ಯನೇಮ. ಹುಡುಕಿದಾಗೆಲ್ಲ ಅವನ ವೆಬ್‌ಸೈಟೇ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ಗರ್ಭಗುಡಿಯ ಬಾಗಿಲು ತೆರೆದಾಗ ಮುಗಿಯುವಂತೆ ಅದಕ್ಕೂ ಒಮ್ಮೆ ಕೈ ಮುಗಿಯುತ್ತಿದ್ದ. ಮೇಲೇನೋ ಇದ್ದ, ಗಿರಾಕಿಗಳು ಮಾತ್ರ ಇರಲಿಲ್ಲ.

ಆ ಸೋಮವಾರ ಮುಗಿದ ಕೈ ಇಳಿಸುವಷ್ಟರಲ್ಲಿ ಫೋನು ಬಂತು. ಹೊನ್ನಾಳಿಯ ರುದ್ರಾಣಮ್ಮ. ಚಕ್ಕುಲಿ, ನಿಪ್ಪಟ್ಟು ಮಾಡಿ ಹತ್ತೂರಿಗೆ ಕಳಿಸುವ ಹೆಂಗಸು.

“ಅಲ್ರೀ, ನಿಮ್ಮ ಗಾಣ ಜಗಳೂರಾಗೆ ಐತೋ ಇಲ್ಲೋ? ಬೀಗರು ಹೇಳಿದ್ರು ಅಂತ ಹುಡುಕ್ತೀನಿ, ಹುಡುಕ್ತೀನಿ, ಎಷ್ಟು ಕೆಳಗೆ ಹೋದ್ರೂ ಸಿಗಾಕಿಲ್ಲ. ಮೊದಲಿಗೆ ನಿಮ್ಮೂರಿನ ಜಯಪ್ಪನ ಗಾಣ ಕಾಣ್ತೈತೆ.”

“ಇಲ್ಲ ತಾಯಿ, ನನ್ನ ಫೋನಿನಾಗೆ ನಾನೇ ಮೊದಲು!”

“ನಿಮ್ಮನೆ ಕನ್ನಡಿಯಾಗೆ ನಿಮ್ಮ ಮುಖ ಬಿಟ್ಟು ನನ್ನ ಮುಖ ಕಾಣ್ತೈತೇನ್ರೀ? ನನಗೆ ವರ್ಷಪೂರ್ತಿ ಎಣ್ಣೆ ಬೇಕು. ಸಂಜೆ ಬಸ್ಸಿಗೆ ಬರ್ತೀನಿ. ಇಳಿದ ಮೇಲೆ ಫೋನು ಯಾರನ್ನ ಮ್ಯಾಲೆ ತೋರಿಸ್ತೈತೋ ಅವರ ಗಾಣಕ್ಕೆ.”

ಹೆಂಡತಿ ನಾಗರತ್ನ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. “ಈ ಗಿರಾಕಿ ಸಿಕ್ರೆ ಸಿದ್ಧ ಇರ್ಲಿ. ಸಿಗಲಿಲ್ಲ ಅಂದ್ರೆ ಈವತ್ತೇ ಯಾರಿಗಾದ್ರೂ ಕೊಟ್ಟುಬಿಡ್ರಿ. ದೇವರ ಮುಂದೆ ಮಾತು ಕೊಟ್ಟೀರಿ, ನೆನಪೈತಲ್ಲ? ಸುಮ್ನೆ ನಿಂತು ಮೇಯೋದಕ್ಕೆ ಮನೆಯಾಗೆ ಒಬ್ಬರು ಸಾಕು.”

ಓಬಳೇಶ ಸಿದ್ಧನ ಕಡೆ ನೋಡಿದ. ಸಿದ್ಧ ಯಾವುದೋ ಬೇರೆ ಎತ್ತಿನ ಸಂಗತಿ ಎಂಬಂತೆ ಮೆಲುಕು ಹಾಕುತ್ತಿತ್ತು. ಕರುವಾಗಿದ್ದಾಗಿನಿಂದ ಅಂಗೈಯಲ್ಲಿ ಹಿಂಡಿ ತಿನ್ನಿಸಿ ಬೆಳೆಸಿದ ಜೀವ.

ಪಕ್ಕದ ಮೊಬೈಲ್ ಅಂಗಡಿಯ ಜುಬೇರನೇ ಆ ವೆಬ್‌ಸೈಟ್ ಮಾಡಿಕೊಟ್ಟವನು. ಓಬಳೇಶ ಹೋಗಿ ಗೋಳು ತೋಡಿಕೊಂಡಾಗ ಅವನು ನಕ್ಕ.

“ನಿಮ್ಮನ್ನ ನೀವೇ ದಿನಾ ಹುಡುಕಿದ್ರೆ ಆ ಫೋನಾದ್ರೂ ಏನು ಮಾಡೀತು ಓಬಳೇಶಣ್ಣ? ಯಜಮಾನರ ಮನಸ್ಸು ನೋಯಿಸಬಾರದು ಅಂತ ನಿಮ್ಮನ್ನೇ ತೋರಿಸ್ತೈತೆ. ಬ್ಯಾರೆಯವರ ಫೋನಿನಾಗೂ ಮ್ಯಾಲೆ ಬರಬೇಕಂದ್ರೆ ಜನ ಸ್ಟಾರ್ ಒತ್ತಬೇಕು, ನಾಕು ಮಾತು ಬರೀಬೇಕು. ನಿಮಗೆ ಇನ್ನೂ ಒಬ್ಬರೂ ಒತ್ತಿಲ್ಲ.”

“ಯಾರಿಗಪ್ಪಾ ಮ್ಯಾಲೆ ಬರಬೇಕು? ಯಾವ ದೇವರು?” ಎಂದು ಕಟ್ಟೆಯ ಮೇಲಿಂದ ದನಿ ಬಂತು.

ದುರುಗಕ್ಕ. ಕೇರಿಗೆಲ್ಲ ಹಿರಿಯಳು. ಹಿಂದೆ ಊರಿನ ಕಣಗಳಲ್ಲಿ ರಾಶಿ ಅಳೆಯಲು ಅವಳೇ ಬೇಕಿತ್ತು. ಮೊದಲ ಸೇರಿಗೆ ‘ಒಂದು’ ಎನ್ನಬಾರದು, ‘ಲಾಭ’ ಎನ್ನಬೇಕು, ಆಮೇಲೆ ‘ಎರಡು’ ಎಂಬ ಹಿರಿಯರ ಪದ್ಧತಿಯನ್ನು ಅವಳು ಎಲ್ಲಿಯೂ ಬಿಟ್ಟವಳಲ್ಲ. ಗುಡಿಯ ಮೆಟ್ಟಿಲು ಹತ್ತುವಾಗಲೂ ‘ಲಾಭ, ಎರಡು, ಮೂರು’ ಎಂದೇ ಎಣಿಸುತ್ತಿದ್ದಳು.

ಸಂಗತಿ ತಿಳಿದದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಇಷ್ಟಕ್ಕೆ ಯಾಕೋ ಅಳುಮುಖ? ನಮ್ಮ ಸಂಘದಾಗೆ ಎಲ್ಲರ ಹತ್ರ ಫೋನೈತೆ. ಎಲ್ಲಿ ಒತ್ತಬೇಕು ಅಂತ ತೋರಿಸಪ್ಪಾ ಜುಬೇರ. ನಿನಗೂ ಒತ್ತುಸ್ತೀನಿ, ಆ ಜಯಪ್ಪಂಗೂ ಒತ್ತುಸ್ತೀನಿ!”

“ಅವನಿಗ್ಯಾಕಕ್ಕ?”

“ಅವನ ಎಣ್ಣೆಯಾಗೆ ಒಬ್ಬಟ್ಟು ಬೇಯಿಸಿ ನಮ್ಮ ಬೀಗರು ಊಟ ಬಿಟ್ಟೆದ್ದಿದ್ದು ಮರ್ತೀನೇನು? ಅವನ್ನ ಎಲ್ಲಿಗೆ ತಳ್ಳಬೇಕೋ ಅಲ್ಲಿಗೆ ತಳ್ತೀವಿ. ನೀ ಹೋಗು, ಎತ್ತಿಗೆ ಹುಲ್ಲು ಹಾಕು.”

ಜುಬೇರ ಜಾಗ ತೋರಿಸಿದ. ಎಷ್ಟು ಒತ್ತಬೇಕೆಂದು ಹೇಳುವಷ್ಟರಲ್ಲಿ ಗಿರಾಕಿಯೊಬ್ಬ ಸಾರಿನಲ್ಲಿ ಬಿದ್ದ ಫೋನು ಹಿಡಿದು ಬಂದ. ಹೇಳುವ ಮಾತು ಅಲ್ಲೇ ಉಳಿಯಿತು.

ಮಧ್ಯಾಹ್ನವೆಲ್ಲ ಕೇರಿಯಲ್ಲಿ ಗದ್ದಲವೋ ಗದ್ದಲ. ದುರುಗಕ್ಕ ಮನೆಮನೆಗೆ ನುಗ್ಗಿ, ಪೋಲಿಯೋ ಹನಿ ಹಾಕುವವರಂತೆ ಒಬ್ಬರನ್ನೂ ಬಿಡದೆ ಒತ್ತಿಸಿದಳು. ಓಬಳೇಶ ಎತ್ತಿಗಿಂತ ಹೆಚ್ಚು ಸುತ್ತು ಗಾಣವನ್ನು ಸುತ್ತಿದ. ಹೋಗಿಬರುವವರೆಲ್ಲ, “ಒತ್ತೀವಿ ಕಣೋ, ಮನಸಾರೆ ಒತ್ತೀವಿ” ಎಂದು ಬೆನ್ನು ತಟ್ಟಿದರು. ಅವನ ಕಣ್ಣು ತುಂಬಿ ಬಂತು. ಇಷ್ಟು ಪ್ರೀತಿ ಪಡೆಯಲು ತಾನು ಯಾವ ಜನ್ಮದಲ್ಲಿ ಯಾವ ಗುಡಿಗೆ ದೀಪದ ಎಣ್ಣೆ ಕೊಟ್ಟಿದ್ದೆನೋ ಎಂದುಕೊಂಡ.

ಸಂಜೆಯ ಬಸ್ಸು ಬಂತು. ಹೋಯಿತು. ರುದ್ರಾಣಮ್ಮ ಬರಲಿಲ್ಲ.

ಜುಬೇರ ಫೋನು ಹಿಡಿದು ಓಡಿಬಂದ. “ಓಬಳೇಶಣ್ಣ, ಏನು ಮಾಡಿಸಿದ್ರಿ ಇದು? ಇಡೀ ಕೇರಿ ನಿಮಗೆ ಒಂದೇ ಸ್ಟಾರ್ ಕೊಟ್ಟೈತೆ! ಐದು ಕೊಟ್ರೆ ಒಳ್ಳೇದು, ಒಂದು ಅಂದ್ರೆ ದಂಡಪಿಂಡ ಅಂತ. ನೋಡ್ರಿ ಇಲ್ಲಿ: ‘ದೇವರಂಥಾ ಮನುಷ್ಯ, ಬಂಗಾರದಂಥಾ ಎಣ್ಣೆ’, ಒಂದು ಸ್ಟಾರ್. ಜಯಪ್ಪಂಗೆ: ‘ಕಳ್ಳ, ಎಣ್ಣೆ ನಾರ್ತೈತೆ’, ಐದು ಸ್ಟಾರ್!”

ಓಬಳೇಶ ಅಲ್ಲೇ ಕುಸಿದು ಕೂತ. ಅಷ್ಟರಲ್ಲಿ ದುರುಗಕ್ಕ ತನ್ನ ದಂಡಿನೊಂದಿಗೆ ಬಂದಳು. ಮುಖದಲ್ಲಿ ರಾಶಿಪೂಜೆ ಮುಗಿಸಿದವರ ಕಳೆ.

“ಹೆಂಗೆ? ಮೊದಲನೇದನ್ನೇ ಒತ್ತಿಸೀನಿ, ಲಾಭದ ಚುಕ್ಕಿ! ಜಯಪ್ಪನ್ನ ಕೊನೇ ಚುಕ್ಕಿಗೆ ತಳ್ಳೀವಿ. ಐದನೇ ನಂಬರು! ಲಾಭ ಬಂತೇನೋ?”

ಆ ಮುಖ ನೋಡಿ ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಬಂತಕ್ಕ,” ಎಂದ.

ಬಂದದ್ದು ಜಯಪ್ಪ. ಕೈಯಲ್ಲಿ ಪೇಡೆಯ ಡಬ್ಬಿ, ಕಣ್ಣಲ್ಲಿ ನೀರು. “ಈ ಕೇರಿ ನನ್ನ ಮ್ಯಾಲೆ ಇಷ್ಟು ಪ್ರೀತಿ ಇಟ್ಟೈತೆ ಅಂತ ಗೊತ್ತೇ ಇರ್ಲಿಲ್ಲ! ಹೊನ್ನಾಳಿ ಅಮ್ಮ ಸೀದಾ ನಮ್ಮಲ್ಲಿಗೇ ಬಂದ್ರು. ಆದ್ರೆ ಮಿಷನ್ ಎಣ್ಣೆ ಬ್ಯಾಡಂತೆ, ಎತ್ತಿನ ಗಾಣದ್ದೇ ಆಗಬೇಕಂತೆ. ಅಪ್ಪನ ಕಾಲದ ಗಾಣ ಹಿತ್ತಲಾಗೆ ಐತೆ, ಎತ್ತಿಲ್ಲ. ನಿನ್ನ ಸಿದ್ಧನ್ನ ಕೊಡೋ ಓಬಳೇಶ. ಮಗನ ಹಂಗೆ ನೋಡ್ಕೊಂತೀನಿ.”

ನಾಗರತ್ನ ದೇವರ ಮಾಡದ ಕಡೆ ಒಮ್ಮೆ ನೋಡಿದಳು, ಅಷ್ಟೆ. ಓಬಳೇಶ ಹಗ್ಗ ಬಿಚ್ಚಿಕೊಟ್ಟ. ಸಿದ್ಧ ಹಿಂದಿರುಗಿ ಕೂಡ ನೋಡದೆ ಜಯಪ್ಪನ ಆಳಿನ ಹಿಂದೆ ಹೊರಟಿತು. ಅತ್ತ ಕಡೆ ಹಸಿ ಮೇವಿನ ವಾಸನೆ ಬಂದಿತ್ತೋ ಏನೋ.

ಹೊರಡುವಾಗ ಜಯಪ್ಪ ಹಲ್ಲು ಬಿಟ್ಟ. “ಇಡೀ ಕೇರಿ ಒತ್ತೈತೆ. ನೀನೊಬ್ಬನೇ ಬಾಕಿ. ಒತ್ತಿಬಿಡು ಮತ್ತೆ.”

ದೇವರಾಣೆ, ಅಂಥ ಸಿಟ್ಟು ಓಬಳೇಶನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಫೋನು ತೆಗೆದು, ಹಲ್ಲು ಕಚ್ಚಿ, ಜಯಪ್ಪನ ಹೆಸರಿಗೆ ಒಂದೇ ಒಂದು ಸ್ಟಾರ್ ಒತ್ತಿದ. ಜಯಪ್ಪ ನೋಡದೆ ನಡೆದ. ಭುಜದ ಮೇಲಿಂದ ಬಗ್ಗಿದ್ದ ದುರುಗಕ್ಕ ನೋಡಿಬಿಟ್ಟಳು.

“ಅಯ್ಯಯ್ಯೋ! ವೈರಿಗೆ ಲಾಭ ಕೊಟ್ಯೇನೋ! ನಿನಗೋಸ್ಕರ ಬಿಸಿಲಾಗೆ ಮನೆಮನೆ ತಿರುಗಿದ್ರೆ ನೀನು ಎತ್ತೂ ಕೊಟ್ಟು ಲಾಭನೂ ಕೊಟ್ಯಾ? ನಂಬಿದವರ ಕುತ್ತಿಗೆ ಕೊಯ್ದ್ಯಲ್ಲೋ!” ದಂಡಿನ ಕಡೆ ತಿರುಗಿದಳು. “ಎಲ್ಲರೂ ಫೋನು ತೆಗೀರಿ. ಇವನ್ನೂ ಐದಕ್ಕೆ ತಳ್ರಿ!”

ಓಬಳೇಶ ಬಾಯಿ ತೆರೆದ; ಜುಬೇರ ಅವನ ಬಾಯಿ ಮುಚ್ಚಿದ. ಮೊದಲು ಒತ್ತಿದ್ದ ಒಂದು ಅಳಿಸಿ ಐದಾಯಿತು; ಬೈಗುಳಗಳು ಮಂಗಳಾರತಿಯಂತೆ ಮೊಳಗಿದವು. ‘ಕೃತಘ್ನ’, ಐದು ಸ್ಟಾರ್. ‘ಇವನ ಗಾಣ ಹಾಳಾಗ’, ಐದು ಸ್ಟಾರ್.

ದೀಪ ಹಚ್ಚುವ ಹೊತ್ತಿಗೆ, ಓಬಳೇಶ ಒತ್ತಿದ ಆ ಒಂಟಿ ಸ್ಟಾರಿನಿಂದ ಜಯಪ್ಪ ಒಂದು ಕೂದಲೆಳೆ ಕೆಳಗಿಳಿದ. ಓಬಳೇಶನ ಗಾಣ ಎಲ್ಲರ ಫೋನಿನಲ್ಲೂ ಎಲ್ಲರಿಗಿಂತ ಮೇಲೆ ಬಂದು ಕೂತಿತು. ಆಗಲೇ ಫೋನು ಹೊಡೆದುಕೊಳ್ಳತೊಡಗಿತು. ಚನ್ನಗಿರಿಯವರು, ನ್ಯಾಮತಿಯವರು, ಉಬ್ರಾಣಿಯವರು.

“ಏನಂತೆ?” ಎಂದಳು ನಾಗರತ್ನ.

ಓಬಳೇಶ ಖಾಲಿ ಗೂಟ ನೋಡುತ್ತ ನಿಂತಿದ್ದ. “ನಾಳೆ ಎಲ್ಲರೂ ಬರ್ತಾರಂತೆ. ಎಣ್ಣೆ ಆಮೇಲೆ, ಮೊದಲು ಎತ್ತು ಸುತ್ತೋದನ್ನ ಕಣ್ಣಾರೆ ನೋಡಬೇಕಂತೆ.”

“ಮತ್ತೇನು ಯೋಚನೆ?” ಎಂದು ಅವಳು ಜಯಪ್ಪ ಕೊಟ್ಟುಹೋದ ಪೇಡೆಯ ಡಬ್ಬಿ ತೆರೆದಳು. “ಎತ್ತು ನೋಡೋರಿಗೆ ಜಯಪ್ಪನ ಮನೆ ದಾರಿ ಹೇಳ್ರಿ.”