ಅಪಧಮನಿ ತೋರಿಸಲು ಹೋಗಿ

ಹಿರಿಯೂರು ತಾಲ್ಲೂಕಿನಲ್ಲಿ ‘ಅಪಧಮನಿ’ ಎಂಬ ಶಬ್ದದ ಮೇಲೆ ನನಗಿದ್ದಷ್ಟು ಅಧಿಕಾರ ಇನ್ನಾರಿಗೂ ಇರಲಿಲ್ಲ. ಎಪ್ಪತ್ತರ ದಶಕದ ಮಾತು. ಹೈಸ್ಕೂಲಿಗೆ ಆಗಷ್ಟೇ ಬಂದ ವಿಜ್ಞಾನದ ಮೇಷ್ಟ್ರು ನಾನು. ಹೃದಯದಿಂದ ರಕ್ತ ಹೊತ್ತೊಯ್ಯುವ ನಾಳ ಅಪಧಮನಿ. ಲಾರಿಗಳು ಓಡುವ ಪುಣೆ ರಸ್ತೆ ಊರಿನ ಅಪಧಮನಿ. ಕಾಲುವೆ ತೋಟಗಳ ಅಪಧಮನಿ. ಹೀಗೆ ವಾರವಿಡೀ ಅರ್ಥ, ಪ್ರಯೋಗ ಎಲ್ಲ ಬರೆಸಿದ್ದೆ. ಇನ್ಸ್‌ಪೆಕ್ಟರು ಬಂದು ನನ್ನ ಪಾಠ ಒಪ್ಪಿದರೆ ನೌಕರಿ ಖಾಯಂ!

ಅವರು ಬರುವ ದಿನ ಬೆಳಿಗ್ಗೆ ಹೆಂಡತಿ ಪಾರ್ವತಿಗೆ ಹೇಳಿದೆ: “ಇವತ್ತು ನಿಜವಾದ ಅಪಧಮನಿಯನ್ನೇ ತೋರಿಸ್ತೀನಿ. ಕುರಿಯ ಗುಂಡಿಗೆ ತರ್ತೀನಿ!”

“ಮೊಟ್ಟೆ ಕಂಡ್ರೆ ಮೂಗು ಮುಚ್ಕಳ್ಳೋರು ನೀವು! ಸುಮ್ನೆ ಬೋರ್ಡ್ ಮ್ಯಾಲೆ ಚಿತ್ರ ಬರೀರಿ.”

“ವಿಜ್ಞಾನಕ್ಕೆ ಮಡಿ ಮೈಲಿಗೆ ಇಲ್ಲ!” ಎಂದು ಘೋಷಿಸಿದೆ. ಆಮೇಲೆ ತಲೆಗೆ ಟವೆಲ್ ಹೊದ್ದು, ಯಾರೂ ನೋಡದಂತೆ ಹಿಂದಿನ ಗಲ್ಲಿಯಿಂದ ಮಾಂಸದಂಗಡಿಗೆ ಹೋದೆ.

“ಏನ್ ಮೇಷ್ಟ್ರೇ, ನೀವೂ ಶುರು ಹಚ್ಕಂಡ್ರಾ?” ಅಂಗಡಿಯ ಪೀರ್‌ಸಾಬರ ದನಿ ಇಡೀ ಗಲ್ಲಿಗೆ ಕೇಳಿಸಿತು.

“ಪಾಠಕ್ಕೆ ಸಾಬ್ರೇ, ಪಾಠಕ್ಕೆ! ಒಂದು ಗುಂಡಿಗೆ ಕೊಡಿ.”

“ಮೊದ್ಲು ಎಲ್ರೂ ಏನೋ ಒಂದ್ ನೆಪ ಹೇಳ್ತಾರೆ, ಬಿಡ್ರಿ. ಮೇಷ್ಟ್ರು ಅಂತ ನಿಗಾ ಮಾಡಿ ಕೊಡ್ತೀನಿ.”

ಕತ್ತಿ ನೋಡಲಾರದೆ ನಾನು ಎದುರಿನ ಗೋಡೆ ನೋಡುತ್ತ ನಿಂತೆ. ಮುತ್ತುಗದ ಎಲೆಯ ಪೊಟ್ಟಣ ಕೈಗೆ ಬಂತು. ಬಿಚ್ಚಿ ನೋಡುವ ಧೈರ್ಯ ಯಾರಿಗಿತ್ತು?

ತರಗತಿಯಲ್ಲಿ, ಇನ್ಸ್‌ಪೆಕ್ಟರ ಸಮ್ಮುಖದಲ್ಲಿ ಬಿಚ್ಚಿದೆ. ಗುಂಡಿಗೆ ಎಂಟು ಹೋಳಾಗಿ, ಸ್ವಚ್ಛವಾಗಿ ತೊಳೆಸಿಕೊಂಡು ಸಾರಿಗೆ ಸಿದ್ಧವಾಗಿ ಕುಳಿತಿತ್ತು!

“ಅಪಧಮನಿ ಎಲ್ಲಿ?” ಎಂದರು ಇನ್ಸ್‌ಪೆಕ್ಟರು.

ಎಲೆಗೆ ಅಂಟಿದ್ದ ಬಿಳಿಯ ಎಳೆಯೊಂದನ್ನು ಗಂಭೀರವಾಗಿ ಚಿಮಟದಲ್ಲಿ ಎತ್ತಿ ಹಿಡಿದೆ. “ಇದೇ ಸರ್!”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಇದು ಪೊಟ್ಟಣ ಕಟ್ಟಿದ ಬಾಳೆನಾರು ಕಣ್ರಿ.”

ಆಗ ಆದಿವಾಲ ಹಳ್ಳಿಯ ಕುರಿಗಾರರ ಮನೆಯ ಹುಡುಗಿ ಕರಿಯಮ್ಮ ಎದ್ದು ನಿಂತಳು. “ಸಾ, ಅಡಿಗೆಗೆ ಅಂದ್ರೆ ಅದನ್ನ ಮೊದ್ಲೇ ಕುಯ್ದು ಬಿಸಾಕ್ತಾರೆ. ಬೆಳ್ಳಗೆ ದಪ್ಪಕೆ ಇರ್ತೈತೆ, ಹಿಚುಕಿ ಬಿಟ್ರೆ ಮತ್ತೆ ದುಂಡಗಾಗ್ತೈತೆ. ಪಕ್ಕದ್ದು ತೆಳ್ಳಗೆ, ಅದು ಮುದುರ್ಕಂಡು ಬಿಡ್ತೈತೆ.”

ಅಪಧಮನಿ, ರಕ್ತ ಮರಳಿ ತರುವ ಅಭಿಧಮನಿ ಎರಡನ್ನೂ ಅರ್ಧ ನಿಮಿಷದಲ್ಲಿ ಮುಗಿಸಿ ಕುಳಿತಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇನ್ಸ್‌ಪೆಕ್ಟರು ವರದಿ ಬರೆದರು: “ವಿದ್ಯಾರ್ಥಿಗಳ ತಿಳಿವಳಿಕೆ ಅತ್ಯುತ್ತಮ. ಶಿಕ್ಷಕರು ಇನ್ನೊಂದು ವರ್ಷ ಇವರೊಂದಿಗಿದ್ದರೆ ಸುಧಾರಿಸುವ ಸಂಭವವಿದೆ.” ನೌಕರಿ ಖಾಯಮಾಗುವುದು ಒಂದು ವರ್ಷ ಮುಂದಕ್ಕೆ ಹೋಯಿತು.

ಮರುದಿನ ಹೃದಯದ ಪಾಠ ಮುಂದುವರಿಯಿತು. ಕರಿಯಮ್ಮ ಹೇಳಿದಳು, ನಾನು ಬರೆದುಕೊಂಡೆ.